ಸ್ಪ್ರಿಂಗ್ ಫ್ರೇಮ್‌ವರ್ಕ್ 5.3.18: ಹಳೆಯ ಬಿರುಕಿಗೆ ಹೊಸ ಬೆಸುಗೆ

ಸ್ಪ್ರಿಂಗ್ ಎಂಬುದು ಜಾವಾ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟಲು ಬಳಸುವ ಸಿದ್ಧ ಚೌಕಟ್ಟು. 2022ರ ಮಾರ್ಚ್ 31ರಂದು ಬಿಡುಗಡೆಯಾದ ಅದರ ಈ ಆವೃತ್ತಿಯನ್ನು, ದಾಳಿಕೋರರು ಸರ್ವರ್‌ನಲ್ಲಿ ತಮ್ಮ ಕೋಡ್ ನಡೆಸಲು ಎಡೆಕೊಟ್ಟ ‘ಸ್ಪ್ರಿಂಗ್‌ಫೋರ್‌ಶೆಲ್’ ಎಂಬ ಭದ್ರತಾ ದೋಷಕ್ಕೆ ಅದು ನೀಡಿದ ಪರಿಹಾರದಿಂದಲೇ ಅಳೆಯಬೇಕು. ವೆಬ್ ಕೋರಿಕೆಯಲ್ಲಿ ಬಂದ ಮೌಲ್ಯಗಳನ್ನು ಜಾವಾ ಆಬ್ಜೆಕ್ಟ್‌ಗೆ ತಾನಾಗಿಯೇ ತುಂಬುವ ಸೌಲಭ್ಯವೇ ಇಲ್ಲಿ ಮುಳುವಾಗಿತ್ತು. ಜಾವಾ 9ರಲ್ಲಿ ಸೇರಿದ ಮಾಡ್ಯೂಲ್ ವ್ಯವಸ್ಥೆಯ (ಕೋಡನ್ನು ಘಟಕಗಳಾಗಿ ವಿಂಗಡಿಸುವ ಏರ್ಪಾಡು) ಮೂಲಕ ದಾಳಿಕೋರರು ಕ್ಲಾಸ್‌ಲೋಡರ್ (ಪ್ರೋಗ್ರಾಂನ ಕೋಡನ್ನು ಲೋಡ್ ಮಾಡುವ ಜಾವಾ ಭಾಗ) ತಲುಪಿ, ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ತಂತ್ರಾಂಶದ ಲಾಗ್ ಸೆಟ್ಟಿಂಗ್ ತಿರುಚಿ, ಸರ್ವರ್‌ನಲ್ಲಿ ತಮ್ಮದೇ ಜೆಎಸ್‌ಪಿ ಕಡತವನ್ನು (ಸರ್ವರ್ ತಾನೇ ನಡೆಸುವ ಜಾವಾ ಪುಟ) ಬರೆಸಬಹುದಿತ್ತು. ಇಂಥದ್ದೇ ದಾರಿಯನ್ನು 2010ರಲ್ಲೊಮ್ಮೆ ಮುಚ್ಚಲಾಗಿತ್ತಾದರೂ, ಕೆಲವು ಹೆಸರುಗಳನ್ನಷ್ಟೇ ನಿಷೇಧಿಸುವ ಆ ಕ್ರಮ ಜಾವಾ ಭಾಷೆ ಬೆಳೆದಾಗ ಸಾಲದಾಯಿತು. ಹೊಸ ತಿದ್ದುಪಡಿ ಕ್ಲಾಸ್‌ಲೋಡರ್ ಮಾದರಿಯ ಗುಣಗಳನ್ನೇ ಒಟ್ಟಾರೆ ತಡೆಯುವುದರಿಂದ ಹೆಚ್ಚು ಭದ್ರವೆಂದು ನನ್ನ ಅಭಿಪ್ರಾಯ. ಹಳೆಯ 5.2 ಆವೃತ್ತಿ ಸಾಲಿನಲ್ಲೇ ಉಳಿದವರಿಗಾಗಿ 5.2.20 ಕೂಡ ಅಂದೇ ಬಂದದ್ದು ಮೆಚ್ಚತಕ್ಕದ್ದು. ಆದರೂ ಯಾವ ಫೀಲ್ಡ್‌ಗಳನ್ನು ತುಂಬಬಹುದೆಂದು ಸೂಚಿಸುವ ಹೊಣೆ ಈಗಲೂ ಡೆವಲಪರ್‌ನದೇ.