ಗಾಳಿ ಗನ್ನೋ, ರಬ್ಬರ್ ಗನ್ನೋ?

ಕಡಲಲ್ಲಿ ಮುಳುಗಿ ಮೀನು ಹೊಡೆಯಲು ಯಾವ ಈಟಿ ಗನ್ ತಗೊಳ್ಳಲಿ ಅಂತ ಮಂಡ್ಯದ ಗೆಳೆಯ ಕೇಳಿದ. ಗಾಳಿ ಗನ್ ಒತ್ತಿ ತುಂಬಿದ ಗಾಳಿಯಿಂದ ಈಟಿ ಹಾರಿಸುತ್ತದೆ, ರಬ್ಬರ್ ಗನ್ ಎಳೆದ ರಬ್ಬರ್‌ನಿಂದ.

ಬಂಡೆ ಸಂದಿಯಲ್ಲಿ, ಕಲಕಿದ ನೀರಲ್ಲಿ ಹುಡುಕುವುದಾದರೆ ಗಾಳಿ ಗನ್. ಗಿಡ್ಡ, ಆದರೂ ಏಟು ಜೋರು. ಕೈಪಂಪಿನಿಂದ ಸುಮಾರು 20 ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು. ತಿಳಿನೀರಲ್ಲಿ ದೂರದ ಗುರಿಗೆ ರಬ್ಬರ್ ಗನ್ ವಾಸಿ, ಸದ್ದೂ ಕಡಿಮೆ.

ಅಸಲಿ ವ್ಯತ್ಯಾಸ ಇರುವುದು ರಿಪೇರಿಯಲ್ಲಿ. ರಬ್ಬರ್ ಬಿಸಿಲಿಗೆ ಒಣಗುತ್ತದೆ. ಎಳೆದು ನೋಡಿದರೆ ಸಣ್ಣ ಬಿರುಕು ಕಾಣುತ್ತದೆ, ಹೊಸದು ಹಾಕಿದರೆ ಆಯ್ತು. ಗಾಳಿ ಗನ್ ಹಾಗಲ್ಲ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕಾಳು ಮರಳು ಕೂತರೂ ಗಾಳಿ ಸೋರಬಹುದು. ಪ್ರತಿ ಸಲ ಸಿಹಿನೀರಲ್ಲಿ ತೊಳೆಯಬೇಕು. ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಬೇಕು, ಇದನ್ನು ಮಾತ್ರ ಮರೀಬೇಡ. ಮಂಡ್ಯದಲ್ಲಿ ಇದರ ಬಿಡಿಭಾಗ ಹುಡುಕೋದು ಸುಮ್ನೆ ಅಲ್ಲ, ಅಲ್ವಾ? ಓ-ರಿಂಗ್ ಸೆಟ್ಟನ್ನು ಗನ್ ಜೊತೆಗೇ ತಗೋ.