ಚಿಕ್ಕಪ್ಪನಿಗೆ ಎಂಟು ಸಲ ಇಸಿಟಿ ಕೊಡಿಸಿದ ಅನುಭವ

ಶಿರಸಿ ಕಡೆಯವರು ಯಾರಾದರೂ 'ಕರೆಂಟ್ ಕೊಡಬೇಕು' (ಅದೇ ಇಸಿಟಿ, ಮಿದುಳಿಗೆ ಕರೆಂಟ್ ಹಾಯಿಸುವ ಮಾನಸಿಕ ಚಿಕಿತ್ಸೆ) ಅಂತ ಡಾಕ್ಟರ್ ಹೇಳಿದ್ದಕ್ಕೆ ಹೆದರಿ ಪೇಷಂಟನ್ನು ಮನೆಗೆ ವಾಪಸ್ ಕರೆದೊಯ್ಯುವ ಯೋಚನೆಯಲ್ಲಿದ್ದರೆ, ಇದನ್ನು ಓದಿ ಆಮೇಲೆ ಹೊರಡಿ. ನಾವೂ ಹಾಗೇ ಹೊರಟವರು. ಬ್ಯಾಗ್ ಕೂಡ ತುಂಬಿ ಆಗಿತ್ತು.

ಅಡಕೆ ಕೊನೆಕೊಯ್ಲಿನ ಹೊತ್ತಿಗೆ ಚಿಕ್ಕಪ್ಪನ ಮಾತು ಕಡಿಮೆಯಾಯಿತು. ಆಮೇಲೆ ಊಟ. ಒಂದು ದಿನ ಜಗಲಿಯಲ್ಲಿ ಕೂತವರು ಏಳಲೇ ಇಲ್ಲ. ಕಣ್ಣು ಬಿಟ್ಟೇ ಇರುತ್ತಿತ್ತು. ಅಂಗಿ ತೊಡಿಸೋಣ ಅಂತ ಬಲಗೈ ಎತ್ತಿದೆ, ಆ ಕೈ ಎತ್ತಿದಲ್ಲೇ ನಿಂತಿತು, ಇನ್ನೊಂದು ತೋಳು ಹಾಕಿ ಗುಂಡಿ ಹಾಕುವ ತನಕವೂ ಕೆಳಗೆ ಬರಲಿಲ್ಲ. ಅಜ್ಜಿ ದೇವರಿಗೆ ಕಾಯಿ ತೆಗೆದಿಟ್ಟರು, ಮಾವ ಎಲ್ಲೋ ನೋಟ (ಭವಿಷ್ಯ) ಕೇಳಲು ಹೋದರು. ಅದರಲ್ಲೇ ಹತ್ತು ದಿನ ಹೋಯಿತು.

ಮೊದಲು ಹೋದ ಆಸ್ಪತ್ರೆಗೆ (ಹೆಸರು ಬೇಡ) ಒಂದು ಸ್ಟಾರೂ ಕೊಡಲ್ಲ. ಡ್ರಿಪ್ ಹಾಕಿ, 'ಸುಮ್ನೆ ಹಟ ಮಾಡ್ತಿದಾರೆ' ಅಂದು ಕಳಿಸಿದರು.

ಮುಂಡಗೋಡ ದಾರಿಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಕೆಟಟೋನಿಯಾ ಅನ್ನುವ ಶಬ್ದ ಮೊದಲ ಸಲ ಕೇಳಿದ್ದು, ಮಾತು, ಚಲನೆ ಎಲ್ಲ ನಿಂತು ಮನುಷ್ಯ ಹೀಗೆ ಕಲ್ಲಾಗುವ ಸ್ಥಿತಿ. ಲೊರಾಜೆಪಾಮ್ ಅನ್ನುವ ಶಮನಕಾರಿ ಔಷಧಿಯ ಇಂಜೆಕ್ಷನ್ ಕೊಟ್ಟು ನೋಡಿದರು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ತಲೆ ತಿರುಗಿಸಿ ಎರಡು ಗುಟುಕು ನೀರು ಕುಡಿದರು, ನಮಗೆಲ್ಲ ಅಳುವೇ ಬಂತು. ಆದರೆ ಆ ಚೇತರಿಕೆ ಉಳಿಯಲಿಲ್ಲ. ನಾಲ್ಕು ದಿನ ಡೋಸ್ ಏರಿಸಿದರೂ ಸಂಜೆಗೆ ಮತ್ತೆ ಕಲ್ಲು. ಹೀಗೇ ಬಿಟ್ಟರೆ ನೀರಿಲ್ಲದೆ ಕಿಡ್ನಿಗೆ ತೊಂದರೆ, ಅಲುಗಾಡದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಇನ್ನು ಇಸಿಟಿಯೇ ದಾರಿ ಅಂದರು. ಬ್ಯಾಗ್ ತುಂಬಿದ್ದು ಆವಾಗಲೇ.

ನಮ್ಮನ್ನು ನಿಲ್ಲಿಸಿದ್ದು ಒಬ್ಬ ಸಿಸ್ಟರ್. ಪಕ್ಕದಲ್ಲಿ ಕೂತು ಹೇಳಿದರು. 1938ರಲ್ಲಿ ರೋಮ್‌ನಲ್ಲಿ ಇದು ಶುರುವಾದಾಗ ಎಚ್ಚರ ಇದ್ದಂತೆಯೇ ಕೊಡುತ್ತಿದ್ದರಂತೆ, ಸಿನಿಮಾದವರು ಇನ್ನೂ ಅದನ್ನೇ ತೋರಿಸೋದು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವಂತೆಯೇ ಇಲ್ಲ. ನಿದ್ದೆ ಬಂದ ಮೇಲೆ ಕೆಲವೇ ಸೆಕೆಂಡು ಕರೆಂಟ್, ಅದರಿಂದ ಮಿದುಳಿಗೆ ಬರುವ ಫಿಟ್ಸು ಸಾಮಾನ್ಯವಾಗಿ ಒಂದು ನಿಮಿಷದೊಳಗೆ. ಮೈಯೆಲ್ಲ ಸಡಿಲ ಇರುವುದರಿಂದ ಫಿಟ್ಸು ಬಂತೋ ಇಲ್ಲವೋ ತಿಳಿಯಲ್ಲ ನೋಡಿ, ಅದಕ್ಕೇ ಒಂದು ಕಾಲಿಗೆ ಬಿಪಿ ಪಟ್ಟಿ ಬಿಗಿದು ಆ ಪಾದಕ್ಕೆ ಮಾತ್ರ ಔಷಧಿ ಹೋಗದಂತೆ ಮಾಡುತ್ತಾರಂತೆ, ಅದರ ಅದುರಾಟ ನೋಡಿಯೇ ಲೆಕ್ಕ. ಇದನ್ನು ಕೇಳಿದ ಮೇಲೆ ಚಿಕ್ಕಮ್ಮ ಸಹಿ ಹಾಕಿದರು.

ಸೋಮವಾರ, ಬುಧವಾರ, ಶುಕ್ರವಾರ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಎರಡನೇ ಸಲ ಚಿಕ್ಕಮ್ಮ ಪಾಪ ಅಂತ ಬೆಳಿಗ್ಗೆ ಆರಕ್ಕೆ ಅರ್ಧ ಲೋಟ ಚಹಾ ಕುಡಿಸಿಬಿಟ್ಟರು, ಅವತ್ತಿನದು ಕ್ಯಾನ್ಸಲ್. ಮೂರನೆಯದು ಆದ ಸಂಜೆ, ಹಣೆಯ ಪಕ್ಕ ಜೆಲ್ ಇನ್ನೂ ಅಂಟಿಕೊಂಡೇ ಇತ್ತು, ಒರೆಸುತ್ತಿದ್ದೆ. ಚಿಕ್ಕಪ್ಪ ಗೊಗ್ಗರು ದನಿಯಲ್ಲಿ 'ಅಡಕೆ ಎಷ್ಟಾತು?' ಅಂದರು. ಒಂದು ತಿಂಗಳಿಗೆ ಮೊದಲ ಮಾತು. ಐದನೆಯದಕ್ಕೆ ತಾವೇ ನಡೆದು ಹೋದರು.

ಹುಬ್ಬಳ್ಳಿ ಆಸ್ಪತ್ರೆಗೆ ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ. ಸಹಿ ಹಾಕುವ ಫಾರ್ಮ್ ಪೂರ್ತಿ ಇಂಗ್ಲಿಷಿನಲ್ಲಿತ್ತು, ಸಿಸ್ಟರ್ ಇರದಿದ್ದರೆ ನಾವು ಮನೆಗೇ ಹೋಗುತ್ತಿದ್ದೆವು, ಇದು ಸರಿಯಲ್ಲ ಅಲ್ವಾ? ಪ್ರತಿ ಸಲ ಅರ್ಧ ದಿನ ತಲೆನೋವು ಇರುತ್ತಿತ್ತು. ಮರೆವಿನ ವಿಷಯ ಮೊದಲೇ ಇನ್ನೂ ಬಿಡಿಸಿ ಹೇಳಬೇಕಿತ್ತು. ಕಾಯಿಲೆಗೆ ಮುಂಚೆ ತಾವೇ ಓಡಾಡಿ ಮಾಡಿದ ಮಗಳ ನಿಶ್ಚಿತಾರ್ಥ ಚಿಕ್ಕಪ್ಪನಿಗೆ ನೆನಪಿರಲಿಲ್ಲ, ಈಗ ಸ್ವಲ್ಪ ಸ್ವಲ್ಪ ಬಂದಿದೆ. ಮಾತ್ರೆ ಮುಂದುವರಿದಿದೆ, ನಿಲ್ಲಿಸಿದರೆ ಮತ್ತೆ ಬರಬಹುದು ಅಂದಿದ್ದಾರೆ.

ಜಗಲಿಯಲ್ಲಿ ಕೈ ಹಾಗೇ ನಿಂತಿದ್ದನ್ನು ಮೊನ್ನೆ ಚಿಕ್ಕಪ್ಪನಿಗೆ ಮಾಡಿ ತೋರಿಸಿದೆ. ಕವಳ ಜಗಿಯುತ್ತ ನೋಡಿ, 'ಸುಳ್ಳು ಹೇಳಡ' ಅಂದರು.