ಗಾಜಿನ ತೊಟ್ಟಿಗೆ ಎರೆಯೋ, ಮಸಾರಿಯೋ?

ವಿಜಯಪುರ ಕಡೆಯ ಡೋಣಿ ಹೊಳೆಯ ಸೀಮೆಯವರ ಮುಂದೆ ಎರೆಯನ್ನು, ಅಂದರೆ ಅವರ ಜಿಗುಟು ಕಪ್ಪು ಮಣ್ಣನ್ನು, ಹಳಿದರೆ ಜಗಳವೇ. ಬಿಳಿಜೋಳದ ಮಟ್ಟಿಗೆ ನಾನೂ ಅವರ ಪಕ್ಷ. ಆದರೆ ಮೀನಿನ ತೊಟ್ಟಿಯ ತಳಕ್ಕೆ?

ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆಯೇ ಜಲಸಸ್ಯ ಬೆಳೆಸುವ ಹಟಕ್ಕೆ ಬಿದ್ದು, ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದದ ಎರಡು ತೊಟ್ಟಿಗಳನ್ನು ಅಕ್ಕಪಕ್ಕ ಇಟ್ಟೆ. ಒಂದಕ್ಕೆ ಸೋದರಮಾವನ ಹೊಲದ ಎರೆ, ಇನ್ನೊಂದಕ್ಕೆ ಬಾದಾಮಿ ಕಡೆಯಿಂದ ತಂದ ಮಸಾರಿ, ಅಂದರೆ ಮರಳು ಬೆರೆತ ಕೆಂಪು ಮಣ್ಣು. ಎರಡರಲ್ಲೂ ಮಣ್ಣು ಒಂದಿಂಚು, ಮೇಲೆ ಒಂದೂವರೆ ಇಂಚು ತೊಳೆದ ಮರಳು. ಗಿಡಗಳೂ ಒಂದೇ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೋಕೋರೈನ್. ಮಣ್ಣಿನ ಕಸಕಡ್ಡಿಯನ್ನು ಕೊಳೆಯಿಸುವ ಸೂಕ್ಷ್ಮಾಣುಗಳ ಉಸಿರೇ ಗಿಡಗಳಿಗೆ ಊಟ. ದೀಪ ದಿನಕ್ಕೆ 8 ಗಂಟೆ, ನಡುವೆ 3 ಗಂಟೆ ಬಿಡುವು. ಗಿಡಗಳು ತಿಂದು ಬರಿದು ಮಾಡಿದ ಅನಿಲ ಆ ಹೊತ್ತಿನಲ್ಲಿ ನೀರಿನಲ್ಲಿ ಮತ್ತೆ ಕೂಡುತ್ತದೆ.

ನೀರು ಸುರಿದ ದಿನವೇ ಎರೆ ತನ್ನ ಗುಣ ತೋರಿಸಿತು. ಉಬ್ಬಿ, ಒಂದು ಮೂಲೆಯ ಮರಳನ್ನೇ ಎತ್ತಿಹಾಕಿತು. ನಾಲ್ಕು ದಿನ ನೀರು ಕದಡಿಯೇ ಇತ್ತು. ಮೂರನೆಯ ವಾರ ಊದುಬತ್ತಿಯ ಕಡ್ಡಿ ಚುಚ್ಚಿ ನೋಡಿದೆ: ಗುಳ್ಳೆಗಳು ಬುಳಬುಳನೆ ಎದ್ದವು, ಜೊತೆಗೆ ಕೊಳೆತ ಮೊಟ್ಟೆಯ ನಾತ. ಜಿಗುಟು ಮಣ್ಣಿನೊಳಗೆ ಆಮ್ಲಜನಕ ಇಳಿಯದೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಂಡಿತ್ತು. ಕಿತ್ತು ನೋಡಿದ ವ್ಯಾಲಿಸ್ನೇರಿಯಾದ ಬೇರು ಕಪ್ಪಾಗಿ ಬೆರಳಿಗೆ ಲೋಳೆಯಂತೆ ಅಂಟಿತು.

ಎರೆಯೊಳಗಿನ ಬಿಳಿ ಹರಳಿಗೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ, ಅದು ಸುಣ್ಣ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ ಗಡಸು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಹೀರಬಲ್ಲವು, ಗಪ್ಪಿ ಮೀನಿಗೂ ಗಡಸು ನೀರೇ ಇಷ್ಟ. ಆದರೆ ನಮ್ಮ ಬೋರ್‌ವೆಲ್ ನೀರು ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುವಷ್ಟು ಗಡಸು. ಅದಕ್ಕೆ ಇನ್ನಷ್ಟು ಸುಣ್ಣ ಯಾರಿಗೆ ಬೇಕು?

ಮಸಾರಿ ಮರುದಿನ ಬೆಳಿಗ್ಗೆಗೇ ತಿಳಿಯಾಯಿತು. ಗಾಳಿಯಿಲ್ಲದ ಕೆಸರಿನಲ್ಲಿ ಅದರ ಕಬ್ಬಿಣ ಕರಗಿ ಬೇರಿಗೆ ದಕ್ಕುತ್ತದೆ. ಎರಡು ತಿಂಗಳಲ್ಲಿ ವ್ಯಾಲಿಸ್ನೇರಿಯಾ ತೊಟ್ಟಿಯ ಹಿಂಬದಿಗೆ ಹಸಿರು ಪರದೆ ಕಟ್ಟಿತು. ಕ್ರಿಪ್ಟೋಕೋರೈನ್ ಮಾತ್ರ ಎರಡೂ ಕಡೆ ಮೊದಲು ಎಲೆ ಕರಗಿಸಿಕೊಂಡಿತು. ಅದು ಜಾಗ ಬದಲಾದಾಗಲೆಲ್ಲ ಮಾಡುವ ನಾಟಕ, ಹೆದರಿ ಕೀಳಬಾರದು. ಮೊದಲ ವಾರಗಳಲ್ಲಿ ಮಣ್ಣು ಅಮೋನಿಯಾ ಬಿಡಬಹುದೆಂದು ಮೀನುಗಳನ್ನು ಒಂದು ತಿಂಗಳು ದೂರವೇ ಇಟ್ಟಿದ್ದೆ.

ಬರೀ ಮರಳು ಹಾಕಿ ಅಂಗಡಿಯ ಗೊಬ್ಬರದ ಗುಳಿಗೆ ಹೂಳುವ ದಾರಿಯೂ ಇದೆ. ಕಲ್ಲಿಗೆ ಕಟ್ಟುವ ಅನುಬಿಯಾಸ್, ಜಾವಾ ಫರ್ನ್‌ಗಳಿಗೆ ಆ ಗುಳಿಗೆಯೂ ಬೇಡ.

ಹಾಗೆಂದು ಮಸಾರಿ ಪೂರ್ತಿ ಗೆದ್ದಿತೆನ್ನಲಾರೆ. ನಾಲ್ಕನೆಯ ತಿಂಗಳಿಗೆ ಎಲೆಗಳು ಹಳದಿಗಿಟ್ಟವು. ಅದರಲ್ಲಿ ಸಾರ ಕಡಿಮೆ, ಇದ್ದುದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಎರೆಯಷ್ಟಿಲ್ಲ. ಆಗ ಎರೆಗೆ ಚೆನ್ನಾಗಿ ಕಳಿತ ಹಳೆಯ ತಿಪ್ಪೆಗೊಬ್ಬರವನ್ನು ಚಿಟಿಕೆಯಷ್ಟು ಕಲಸಿ, ಗೋಲಿಯಷ್ಟು ಉಂಡೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಗಿಡಕ್ಕೊಂದರಂತೆ ಬೇರಿನ ಬಳಿ ಒತ್ತಿದೆ. ಮೂರು ವಾರಕ್ಕೆ ಹೊಸ ಎಲೆಗಳು ಹಸಿರಾಗಿ ಬಂದವು.

ಉಂಡೆ ಕಟ್ಟುವಾಗ ಮಾವ ಬಾಗಿಲಲ್ಲಿ ನಿಂತಿದ್ದರು. "ಎಕರೆಗಟ್ಟಲೆ ಎರೆ ಇಟ್ಟುಕೊಂಡು ಗುಳಿಗೆ ಮಾಡುತ್ತೀಯೇನೋ?" ಎಂದು ನಕ್ಕು, ತಾವೂ ಕುಳಿತು ಹತ್ತು ಉಂಡೆ ಕಟ್ಟಿದರು.